ಹೊಗೆಸೊಪ್ಪಿನ ಪರವಾನಗಿ: ಹುಣಸೂರು ಸೀಮೆಯಲ್ಲಿ ಅರ್ಜಿ, ನಿರಾಕರಣೆ, ಮೇಲ್ಮನವಿ

ವರ್ಜೀನಿಯಾ ಹೊಗೆಸೊಪ್ಪನ್ನು ಬೆಳೆಯಲು, ಬ್ಯಾರನ್‌ನಲ್ಲಿ ಬೇಯಿಸಿ ಹದ ಮಾಡಲು ಮತ್ತು ಹರಾಜು ಮಾರುಕಟ್ಟೆಯಲ್ಲಿ ಮಾರಲು ರೈತ ಪಡೆಯಬೇಕಾದ ನೋಂದಣಿ ಹಾಗೂ ಪರವಾನಗಿ. ಇದನ್ನು ಕೊಡುವುದು ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗಿರುವ ತಂಬಾಕು ಮಂಡಳಿ. ಕರ್ನಾಟಕದಲ್ಲಿ ಈ ಬೆಳೆಯ ನೆಲೆ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಹಾಗೂ ಅವುಗಳಿಗೆ ಹೊಂದಿಕೊಂಡ ಹಾಸನ ಜಿಲ್ಲೆಯ ರಾಮನಾಥಪುರದ ಸುತ್ತಿನ ಹಳ್ಳಿಗಳು. ಹುಣಸೂರು ತಾಲ್ಲೂಕಿನ ಹೋಬಳಿ ಕೇಂದ್ರ ಗಾವಡಗೆರೆಯ ಸುತ್ತಮುತ್ತ ‘ಕಾರ್ಡು’ ಎಂದರೆ ಮೊದಲು ನೆನಪಾಗುವುದು ಪಡಿತರ ಚೀಟಿ. ಎರಡನೆಯದು ಹೊಗೆಸೊಪ್ಪಿನ ಪರವಾನಗಿ. ‘ಕಾರ್ಡುದಾರ’, ‘ಕಾರ್ಡಿಲ್ಲದವನು’ ಎಂಬ ಎರಡು ಮಾತು ಇಲ್ಲಿ ರೈತರನ್ನು ಎರಡು ಪಂಗಡವಾಗಿ ಒಡೆದಿವೆ.

ವಕೀಲ, ವೈದ್ಯ, ಔಷಧ ವ್ಯಾಪಾರಿ ಇವರಿಗೆಲ್ಲ ವೃತ್ತಿ ನಡೆಸಲು ಒಂದು ಮಂಡಳಿಯ ಒಪ್ಪಿಗೆ ಬೇಕು ಎಂಬುದು ಎಲ್ಲರಿಗೂ ಗೊತ್ತು. ರೈತನಿಗೆ ತನ್ನ ಹೊಲದಲ್ಲಿ ಇಂಥ ಬೆಳೆ ಇಡಲು ಲೈಸೆನ್ಸ್ ಬೇಕು ಎಂಬುದು ನಾಡಿನ ಬೇರೆ ಭಾಗದವರಿಗೆ ಹೊಸ ಸಂಗತಿ. ನಿಪ್ಪಾಣಿಯ ಬೀಡಿ ತಂಬಾಕಿಗೆ ಈ ಕಟ್ಟಳೆ ಇಲ್ಲ. ಸಿಗರೇಟಿಗೆ ಹೋಗುವ, ಬಿಸಿಗಾಳಿಯಲ್ಲಿ ಹದಗೊಳ್ಳುವ ವರ್ಜೀನಿಯಾ ತಳಿಗೆ ಮಾತ್ರ ಇದೆ. ಹಾಗಾಗಿ ಪರವಾನಗಿ ಮಂಡಳಿಗಳು ಅರ್ಜಿಯನ್ನು ಹೇಗೆ ನೋಡುತ್ತವೆ, ಇಲ್ಲವೆಂದಾಗ ಅರ್ಜಿದಾರ ಎಲ್ಲಿಗೆ ಹೋಗಬೇಕು ಎಂಬುದನ್ನು ಅರಿಯಲು ಈ ನಾಲ್ಕು ತಾಲ್ಲೂಕುಗಳಿಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಕಾಯ್ದೆಯ ಹಿನ್ನೆಲೆ

ತಂಬಾಕು ಮಂಡಳಿ ಕಾಯ್ದೆ 1975ರಲ್ಲಿ ಬಂತು. ಮಂಡಳಿ 1976ರ ಜನವರಿ 1ರಂದು ಗುಂಟೂರನ್ನು ಕೇಂದ್ರವಾಗಿ ಇಟ್ಟುಕೊಂಡು ಕೆಲಸ ಆರಂಭಿಸಿತು. ವಿವರವಾದ ನಿಯಮಗಳು ಅದೇ ವರ್ಷ ಹೊರಬಿದ್ದವು. ಅದಕ್ಕೆ ಮುಂಚೆ ಬೆಲೆ ಕಟ್ಟುತ್ತಿದ್ದುದು ಬೆರಳೆಣಿಕೆಯ ಖರೀದಿದಾರರು. ಒಂದು ವರ್ಷ ಬೆಲೆ ಏರಿದರೆ ಮರುವರ್ಷ ಎಲ್ಲರೂ ಅದನ್ನೇ ಬೆಳೆಯುವುದು, ಮಾಲು ಹೆಚ್ಚಾಗಿ ಬೆಲೆ ಬೀಳುವುದು, ರೈತ ಸಾಲಕ್ಕೆ ಸಿಕ್ಕುವುದು ಇದೇ ಸುತ್ತು ನಡೆಯುತ್ತಿತ್ತು. ದೇಶವಿದೇಶದ ಬೇಡಿಕೆಗೆ ತಕ್ಕಷ್ಟೇ ಬೆಳೆ ಬರಬೇಕು, ಬೆಳೆದವನಿಗೆ ನ್ಯಾಯವಾದ ಬೆಲೆ ಸಿಗಬೇಕು ಎಂಬುದು ಕಾಯ್ದೆಯ 8ನೇ ಕಲಮಿನಲ್ಲಿ ಮಂಡಳಿಗೆ ಒಪ್ಪಿಸಿದ ಹೊಣೆ. 10ನೇ ಕಲಮು ಬೆಳೆಗಾರರ ನೋಂದಣಿಯನ್ನು ಕಡ್ಡಾಯ ಮಾಡಿತು. ಹದ ಮಾಡುವವರು, ವ್ಯಾಪಾರಿಗಳು, ರಫ್ತುದಾರರು, ಹರಾಜುದಾರರು ಕೂಡ ನೋಂದಣಿಯ ಕಟ್ಟಿಗೆ ಒಳಪಟ್ಟರು. ಮಂಡಳಿಯಲ್ಲಿ ಮೂವರು ಸಂಸತ್ ಸದಸ್ಯರಿಗೂ ಬೆಳೆಗಾರರ ಪ್ರತಿನಿಧಿಗಳಿಗೂ ಜಾಗವಿದೆ.

ಕರ್ನಾಟಕದಲ್ಲಿ ಹರಾಜು ಪದ್ಧತಿ 1984ರಲ್ಲಿ ಬಂತು. ಆಂಧ್ರಕ್ಕೆ ಅದು ಹೋದದ್ದು ಆಮೇಲೆ. ಈಗ ಹುಣಸೂರು, ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆ ಮತ್ತು ರಾಮನಾಥಪುರಗಳಲ್ಲಿ ಹರಾಜು ಮಾರುಕಟ್ಟೆಗಳಿವೆ. ಪ್ರತಿ ಮಾರುಕಟ್ಟೆಗೂ ಒಬ್ಬ ಹರಾಜು ಅಧೀಕ್ಷಕರು, ಅವರ ಕೆಳಗೆ ಹಳ್ಳಿ ಸುತ್ತುವ ಕ್ಷೇತ್ರ ಸಿಬ್ಬಂದಿ. ಮೇಲೆ ಮೈಸೂರಿನ ಪ್ರಾದೇಶಿಕ ಕಚೇರಿ. ಅದಕ್ಕೂ ಮೇಲೆ ಗುಂಟೂರು. ರೈತನ ಅರ್ಜಿ ಏರುವ ಮೆಟ್ಟಿಲೂ ಇದೇ, ಉತ್ತರ ಇಳಿದು ಬರುವ ಮೆಟ್ಟಿಲೂ ಇದೇ.

ಅರ್ಜಿಯ ಹಾದಿ

ಕಾಗದ ಎರಡು. ಒಂದು, ಬೆಳೆಗಾರನಾಗಿ ನೋಂದಣಿ. ಇನ್ನೊಂದು, ಬ್ಯಾರನ್ ನಡೆಸಲು ಪರವಾನಗಿ. ಬ್ಯಾರನ್ ಎಂದರೆ ಎಲೆ ಬೇಯಿಸುವ ಎತ್ತರದ ಗೋಡೆಯ ಮನೆ. ಹೊಲದಲ್ಲಿ ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ ಅದರೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಕೆಳಗಿನ ಒಲೆಯಲ್ಲಿ ಸೌದೆ ಉರಿಸಿ, ಕೊಳವೆಗಳ ಮೂಲಕ ಬಿಸಿ ಹಾಯಿಸಿ ಹಲವು ದಿನ ರಾತ್ರಿಹಗಲು ಕಾದು ಹದ ಮಾಡುತ್ತಾರೆ. ಹೊಲದ ಅಳತೆಯಲ್ಲಿ ಹೆಚ್ಚುಕಡಿಮೆ ಮಾಡಬಹುದು, ಬ್ಯಾರನ್ನನ್ನು ಬಚ್ಚಿಡಲು ಆಗದು. ಆದ್ದರಿಂದ ಈ ವ್ಯವಸ್ಥೆಯ ಲೆಕ್ಕವೆಲ್ಲ ಬ್ಯಾರನ್ನಿನ ಮೇಲೆ ನಿಂತಿದೆ. ‘ನಿನಗೆಷ್ಟು ಬ್ಯಾರನ್?’ ಎಂದು ಕೇಳಿದರೆ ಸಾಕು, ಒಬ್ಬನ ಬೆಳೆ, ಆದಾಯ, ಸಾಲ ತೀರಿಸುವ ಶಕ್ತಿ ಮೂರೂ ತಿಳಿದಂತೆ.

ಇಲ್ಲಿಯ ಬೆಳೆ ಮಳೆಯಾಶ್ರಿತ. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರು ಪೂರ್ವದ ಮಳೆ ಬಿದ್ದೊಡನೆ ನಾಟಿ, ಜುಲೈಯಿಂದ ಎಲೆ ಮುರಿಯುವುದು, ಬ್ಯಾರನ್ ತುಂಬುವುದು. ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಹರಾಜು ಶುರು. ನಾಟಿಗೆ ಮುಂಚೆಯೇ ಮಂಡಳಿ ರಾಜ್ಯಕ್ಕೆ ಆ ವರ್ಷದ ಬೆಳೆಯ ಪ್ರಮಾಣ ಗೊತ್ತುಮಾಡುತ್ತದೆ. ಇತ್ತೀಚಿನ ಹಲವು ವರ್ಷ ಕರ್ನಾಟಕಕ್ಕೆ ಗೊತ್ತುಮಾಡಿದ ಪ್ರಮಾಣ 10 ಕೋಟಿ ಕೆಜಿ ಆಸುಪಾಸಿನಲ್ಲಿದೆ. ಅದನ್ನು ಪರವಾನಗಿ ಇರುವ ಬ್ಯಾರನ್‌ಗಳಿಗೆ ಹಂಚಿದಾಗ ಒಬ್ಬೊಬ್ಬರಿಗೆ ಬರುವ ಪಾಲೇ ಕೋಟಾ. ರಾಜ್ಯದ ನೋಂದಾಯಿತ ಬೆಳೆಗಾರರು ಸುಮಾರು 40 ಸಾವಿರ.

ಅರ್ಜಿಯ ಜೊತೆ ಪಹಣಿ, ಗುರುತಿನ ಚೀಟಿ, ಬ್ಯಾಂಕ್ ಖಾತೆಯ ವಿವರ, ಜಮೀನು ಗುತ್ತಿಗೆಯದಾದರೆ ಅದರ ಒಪ್ಪಂದ ಇಂಥವು ಬೇಕು. ಸಿಬ್ಬಂದಿ ಹಳ್ಳಿಗೆ ಬಂದು ಬ್ಯಾರನ್ ಇದೆಯೇ, ಕೆಲಸ ಮಾಡುವ ಸ್ಥಿತಿಯಲ್ಲಿದೆಯೇ, ಹೇಳಿದ ಜಾಗದಲ್ಲೇ ಇದೆಯೇ ಎಂದು ನೋಡುತ್ತಾರೆ. ಎಲ್ಲ ಸರಿಯಿದ್ದರೆ ನೋಂದಣಿ ಸಂಖ್ಯೆ, ಕೋಟಾ, ಯಾವ ಮಾರುಕಟ್ಟೆ ಎಂಬುದು ನಿಗದಿಯಾಗುತ್ತದೆ. ಮುಂದೆ ಆ ರೈತ ತರುವ ಪ್ರತಿ ಬೇಲ್, ಅಂದರೆ ಹದಗೊಂಡ ಸೊಪ್ಪಿನ ಹೊರೆ, ಅದೇ ಸಂಖ್ಯೆಯ ಕೆಳಗೆ ತೂಗಿ, ಕೋಟಾದಿಂದ ಕಳೆಯಲಾಗುತ್ತದೆ. ಹರಾಜು ಈಗ ವಿದ್ಯುನ್ಮಾನ ಸಾಧನಗಳ ಮೂಲಕ ನಡೆಯುತ್ತದೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಲ್ ಕೊಡದೆ ಹಿಂದಕ್ಕೆ ತರುವ ಹಕ್ಕು ರೈತನಿಗಿದೆ. ಇಡೀ ವ್ಯವಸ್ಥೆಯಲ್ಲಿ ರೈತ ‘ಇಲ್ಲ’ ಎನ್ನಬಹುದಾದ ಒಂದೇ ಜಾಗ ಅದು. ಆದರೆ ಮನೆಯಲ್ಲಿ ಹಬ್ಬ, ಮದುವೆ, ಸಾಲದ ಕಂತು ಇರುವಾಗ ಆ ಹಕ್ಕನ್ನು ಬಳಸುವವರು ಎಷ್ಟು ಮಂದಿ ಎಂಬುದನ್ನು ಮಾರುಕಟ್ಟೆಯ ಅಂಗಳದಲ್ಲಿ ಅರ್ಧ ದಿನ ನಿಂತವರು ಬಲ್ಲರು.

ಬಹುಕಾಲ ಈ ನೋಂದಣಿ, ಪರವಾನಗಿ ಎರಡೂ ಒಂದೇ ವರ್ಷದವು. ಪ್ರತಿ ವರ್ಷ ಅದೇ ಬ್ಯಾರನ್, ಅದೇ ಪಹಣಿ, ಅದೇ ರೈತ; ಆದರೂ ಅರ್ಜಿ, ಶುಲ್ಕ, ಸಾಲು ಎಲ್ಲ ಹೊಸದಾಗಿ. 2025ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ ಇದರ ಅವಧಿಯನ್ನು ಮೂರು ವರ್ಷಕ್ಕೆ ಏರಿಸಿತು. ದೇಶದ 80 ಸಾವಿರಕ್ಕೂ ಹೆಚ್ಚು ಬೆಳೆಗಾರರಿಗೆ ಇದರಿಂದ ಪ್ರಯೋಜನ. ಬೆಳೆಗಾರರ ಬಹುದಿನದ ಕೋರಿಕೆಗಳಲ್ಲಿ ಈಡೇರಿದ್ದು ಇದೊಂದು, ಮತ್ತು ಇದು ಸರಿಯಾದ ತಿದ್ದುಪಡಿ.

ನಿರಾಕರಣೆಯ ಬಗೆಗಳು

ಅರ್ಜಿ ಎಡವುವುದು ಹೆಚ್ಚಾಗಿ ದೊಡ್ಡ ತಪ್ಪಿನಿಂದಲ್ಲ. ಪಹಣಿಯಲ್ಲಿ ತಾತನ ಹೆಸರು ಹಾಗೇ ಉಳಿದಿರುತ್ತದೆ. ಆಧಾರಿನಲ್ಲಿ ಒಂದು ಬಗೆ, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಬಗೆ ಹೆಸರಿನ ಅಕ್ಷರ. ಅಣ್ಣತಮ್ಮಂದಿರು ಭಾಗವಾದಾಗ ಹೊಲ ಒಬ್ಬನಿಗೆ, ಬ್ಯಾರನ್ ನಿಂತ ಕಣ ಇನ್ನೊಬ್ಬನಿಗೆ ಹೋಗಿರುತ್ತದೆ. ಗಂಡ ತೀರಿಕೊಂಡ ಮೇಲೆ ಕಾರ್ಡು ಹೆಂಡತಿಯ ಹೆಸರಿಗೆ ಬರಬೇಕಾದರೆ ಮರಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಎಲ್ಲವನ್ನೂ ಸೇರಿಸಬೇಕು. ಮಗ ಬೆಂಗಳೂರಿನಲ್ಲಿ, ಮಗಳು ಗಂಡನ ಊರಿನಲ್ಲಿ. ಒಂದು ಸಹಿ ತಪ್ಪಿದರೂ ಆ ಮುಂಗಾರು ಕೈಬಿಟ್ಟಂತೆ. ಮಳೆ ಯಾರ ದಾಖಲೆಗೂ ಕಾಯುವುದಿಲ್ಲ.

ಇನ್ನೊಂದು ಬಗೆಯ ತೊಡಕು ಕಾರ್ಡಿನ ಬಾಡಿಗೆ. ಬೆಳೆ ಬಿಟ್ಟವರು ಕಾರ್ಡನ್ನು ಬೆಳೆಯುವವರಿಗೆ ವರ್ಷಕ್ಕಿಷ್ಟು ಎಂದು ಕೊಡುವ ರೂಢಿ ಊರೂರಲ್ಲಿದೆ. ಕಾನೂನು ಒಪ್ಪದ ಈ ವ್ಯವಹಾರದಲ್ಲಿ ಬೆವರು ಒಬ್ಬನದು, ಹೆಸರು ಇನ್ನೊಬ್ಬನದು. ಹಣ ಹೆಸರಿರುವವನ ಖಾತೆಗೇ ಹೋಗುತ್ತದೆ. ಜಗಳ ಬಂದಾಗ ಬೆಳೆದವನು ಯಾವ ಅಧಿಕಾರಿಯ ಮುಂದೂ ನಿಲ್ಲಲಾರ, ಏಕೆಂದರೆ ಕಡತದಲ್ಲಿ ಅವನ ಹೆಸರೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ನಿರಾಕರಣೆ ಒಂದಿದೆ. ಹೊಸ ಬ್ಯಾರನ್‌ಗೆ ಪರವಾನಗಿ ಕೊಡುವುದನ್ನು ಮಂಡಳಿ ಬಹುಮಟ್ಟಿಗೆ ನಿಲ್ಲಿಸಿ ವರ್ಷಗಳಾಗಿವೆ. ಇದಕ್ಕೆ ಹಿನ್ನೆಲೆಯುಂಟು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಚೌಕಟ್ಟಿನ ಒಪ್ಪಂದಕ್ಕೆ ಭಾರತ 2004ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಒಪ್ಪಂದ 2005ರಲ್ಲಿ ಜಾರಿಗೆ ಬಂತು. ಅದರ 17ನೇ ವಿಧಿ ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕು ಎನ್ನುತ್ತದೆ. ತಂಬಾಕು ಜನರ ಆರೋಗ್ಯ ಕೆಡಿಸುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಬ್ಯಾರನ್ನಿನ ಒಲೆಗೆ ಬೇಕಾಗುವ ಸೌದೆಯಿಂದ ನಾಗರಹೊಳೆಯ ಅಂಚಿನ ಈ ಸೀಮೆಯ ಮರಗಳು ಸೊರಗಿದ್ದೂ ನಿಜ. ಹಾಗಾಗಿ ಬಾಗಿಲು ಮುಚ್ಚಿದ್ದಕ್ಕೆ ಕಾರಣಗಳಿವೆ. ಆದರೆ ಒಪ್ಪಂದದ ಒಂದು ಅರ್ಧ ಜಾರಿಗೆ ಬಂದು ಇನ್ನೊಂದು ಅರ್ಧ ಕುಂಟುತ್ತಿದೆ. ಮುಸುಕಿನ ಜೋಳ, ಶುಂಠಿ, ರಾಗಿ ಬೆಳೆದು ನೋಡಿದ ರೈತರು ಹೊಗೆಸೊಪ್ಪಿಗೆ ಮರಳುವುದು ಹರಾಜು ಕಟ್ಟೆಯಲ್ಲಿ ಬೆಲೆ ಗಟ್ಟಿಯಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ. ಕರ್ನಾಟಕದ ಸರಾಸರಿ ಬೆಲೆ 2022-23ರಲ್ಲಿ ಕೆಜಿಗೆ ಸುಮಾರು 228 ರೂಪಾಯಿ ಇದ್ದದ್ದು 2023-24ರಲ್ಲಿ 256 ರೂಪಾಯಿಗೆ ಏರಿತು.

ಬೆಲೆ ಏರಿದಾಗ ಕಾರ್ಡಿಲ್ಲದವರೂ ಬೆಳೆಯುತ್ತಾರೆ, ಕಾರ್ಡುದಾರರೂ ಕೋಟಾ ಮೀರಿ ಬೆಳೆಯುತ್ತಾರೆ. ಕಟ್ಟಳೆಯ ಪ್ರಕಾರ ಆ ಸೊಪ್ಪಿಗೆ ಮಾರುಕಟ್ಟೆಯಿಲ್ಲ. ಹೊರಗೆ ಮಾರಿದರೆ ದಲ್ಲಾಳಿ ಹೇಳಿದ್ದೇ ಬೆಲೆ. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಹಂಗಾಮಿನಲ್ಲೂ ಒಂದು ಪಾಠ ಮರುಕಳಿಸುತ್ತದೆ: ಬೆಳೆಗಾರರ ಸಂಘಗಳ ಮನವಿ, ಸಂಸದರ ಮೂಲಕ ದೆಹಲಿಗೆ ಪತ್ರ, ಕಡೆಗೆ ವಾಣಿಜ್ಯ ಸಚಿವಾಲಯದ ಅನುಮತಿ. ದಂಡ ಶುಲ್ಕ ಕಟ್ಟಿಸಿಕೊಂಡು ಅನಧಿಕೃತ ಮತ್ತು ಹೆಚ್ಚುವರಿ ಸೊಪ್ಪನ್ನು ಹರಾಜಿಗೆ ಬಿಡುತ್ತಾರೆ; ಕೆಲವು ವರ್ಷ ದಂಡವನ್ನೂ ಮನ್ನಾ ಮಾಡಿದ್ದುಂಟು. ಇದು ಕರುಣೆಯ ಕ್ರಮವೇ ಹೊರತು ಹಕ್ಕಿನ ಕ್ರಮವಲ್ಲ. ಬರುತ್ತದೋ ಇಲ್ಲವೋ, ಯಾವಾಗ ಬರುತ್ತದೆ ಎಂದು ತಿಳಿಯದೆ ಬೇಲ್ ಕಟ್ಟಿಟ್ಟು ಕೂತವನಿಗೆ ಪ್ರತಿ ವಾರವೂ ನಷ್ಟ.

ಮೇಲ್ಮನವಿ

ಯಾವುದೇ ಪರವಾನಗಿ ಪ್ರಾಧಿಕಾರ ಒಬ್ಬನ ಅರ್ಜಿಯನ್ನು ತಳ್ಳಿಹಾಕುವ ಅಥವಾ ಪರವಾನಗಿ ರದ್ದುಮಾಡುವ ಮುಂಚೆ ಪಾಲಿಸಬೇಕಾದ ಮೂರು ಕಟ್ಟುಗಳನ್ನು ಭಾರತದ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಅವನ ಮಾತು ಕೇಳಬೇಕು. ತೀರ್ಮಾನಿಸುವವನಿಗೆ ಆ ವಿಷಯದಲ್ಲಿ ಸ್ವಂತ ಹಿತ ಇರಬಾರದು. ಕಾರಣ ಬರೆದು ಕೊಡಬೇಕು. ಎರಡನೆಯದನ್ನು ಸುಪ್ರೀಂ ಕೋರ್ಟ್ 1969ರ ಕ್ರೈಪಾಕ್ ಪ್ರಕರಣದಲ್ಲಿ ಗಟ್ಟಿಮಾಡಿತು. ಅರಣ್ಯ ಸೇವೆಯ ಆಯ್ಕೆಗೆ ಅಭ್ಯರ್ಥಿಯಾಗಿದ್ದವರೇ ಆಯ್ಕೆ ಸಮಿತಿಯಲ್ಲೂ ಕೂತಿದ್ದ ಪ್ರಕರಣ ಅದು. ಆಡಳಿತದ ಆದೇಶಕ್ಕೂ ಕಾರಣ ಬೇಕು ಎಂಬುದನ್ನು 1990ರ ಎಸ್.ಎನ್. ಮುಖರ್ಜಿ ಪ್ರಕರಣದಲ್ಲಿ ವಿವರಿಸಿತು. ಕಾರಣವಿಲ್ಲದ ಆದೇಶದ ಮೇಲೆ ಮೇಲ್ಮನವಿ ಬರೆಯುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಯಾವ ತಪ್ಪಿಗೆ ಉತ್ತರ ಕೊಡಬೇಕು ಎಂಬುದೇ ಗೊತ್ತಿರುವುದಿಲ್ಲ.

ಹುಣಸೂರು ಸೀಮೆಯ ರೈತನಿಗೆ ಮೊದಲ ಬಾಗಿಲು ಮಾರುಕಟ್ಟೆಯ ಅಧೀಕ್ಷಕರ ಕಚೇರಿ. ಅಲ್ಲಿ ಬಗೆಹರಿಯದಿದ್ದರೆ ಮೈಸೂರಿನ ಪ್ರಾದೇಶಿಕ ವ್ಯವಸ್ಥಾಪಕರು, ಬಳಿಕ ಗುಂಟೂರಿನ ಕಾರ್ಯನಿರ್ವಾಹಕ ನಿರ್ದೇಶಕರು ಮತ್ತು ಅಧ್ಯಕ್ಷರು. ಮಂಡಳಿಯ ಒಳಗಿನ ದಾರಿ ಮುಗಿದ ಮೇಲೆ ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಮೈಸೂರು ಜಿಲ್ಲೆಗೆ ಅದು ಬೆಂಗಳೂರಿನ ಪ್ರಧಾನ ಪೀಠ. ಹೈಕೋರ್ಟ್ ಸಾಮಾನ್ಯವಾಗಿ ತಾನೇ ಪರವಾನಗಿ ಕೊಡುವುದಿಲ್ಲ. ಅರ್ಜಿದಾರನ ಮಾತು ಕೇಳದೆ ಆದೇಶ ಮಾಡಿದ್ದರೆ, ಕಾರಣ ಬರೆಯದಿದ್ದರೆ, ಆ ಆದೇಶವನ್ನು ರದ್ದುಮಾಡಿ ಇಷ್ಟು ದಿನದೊಳಗೆ ಮತ್ತೆ ಪರಿಶೀಲಿಸಿ ಎಂದು ಮಂಡಳಿಗೇ ಕಳಿಸುತ್ತದೆ. ಇದನ್ನು ತಿಳಿಯದೆ ಕೋರ್ಟಿಗೆ ಹೋಗಿ, ‘ಗೆದ್ದರೂ ಕಾರ್ಡು ಬರಲಿಲ್ಲ’ ಎಂದು ಬೇಸರಪಡುವವರಿದ್ದಾರೆ.

ಈ ಇಡೀ ಏರ್ಪಾಡಿನ ದೊಡ್ಡ ಕೊರತೆ ಇರುವುದು ಮೇಲಿನ ಮೆಟ್ಟಿಲಲ್ಲಿ ಅಲ್ಲ, ಕೆಳಗಿನ ಮೆಟ್ಟಿಲಲ್ಲಿ. ಮೇಲ್ಮನವಿ ಹುಟ್ಟುವುದು ಒಂದು ಆದೇಶದಿಂದ. ಆದೇಶ ಹುಟ್ಟುವುದು ಒಂದು ಅರ್ಜಿಯಿಂದ. ಹೊಸ ಪರವಾನಗಿ ಇಲ್ಲ ಎಂದು ಬಾಯಿಮಾತಿನಲ್ಲಿ ಹೇಳಿ ಅರ್ಜಿಯನ್ನೇ ಕೈಗೆ ತೆಗೆದುಕೊಳ್ಳದಿದ್ದರೆ, ಅಥವಾ ‘ಈ ಕಾಗದ ಸರಿಯಿಲ್ಲ, ನಾಳೆ ಬಾ’ ಎಂದು ಅರ್ಜಿಯನ್ನು ಅವನ ಕೈಗೇ ಹಿಂದಿರುಗಿಸಿದರೆ, ದಾಖಲೆಯಲ್ಲಿ ಅವನು ಎಂದೂ ಕೇಳಲೇ ಇಲ್ಲ ಎಂದಾಗುತ್ತದೆ. ಇಪ್ಪತ್ತು ವರ್ಷ ಬೆಳೆದವನು ಕಡತದ ಮಟ್ಟಿಗೆ ಇಲ್ಲದವನು. ಲಿಖಿತ ನಿರಾಕರಣೆ ಒಂದು ಬಗೆಯ ಹಕ್ಕು. ಅದನ್ನು ಕೊಡದಿರುವುದು ನಿರಾಕರಣೆಗಿಂತ ಕಠಿಣ.

ಬೇರೆ ಮಂಡಳಿಗಳ ರೀತಿ

ಇದೇ ವಿಷಯದಲ್ಲಿ ವಕೀಲರ ಪರಿಷತ್ತಿನ ಕ್ರಮ ಗಮನಿಸತಕ್ಕದ್ದು. 1961ರ ವಕೀಲರ ಕಾಯ್ದೆಯ 26ನೇ ಕಲಮಿನ ಪ್ರಕಾರ ರಾಜ್ಯ ಪರಿಷತ್ತು ಒಬ್ಬರ ಅರ್ಜಿಯನ್ನು ತಳ್ಳಿಹಾಕಲು ಮನಸ್ಸು ಮಾಡಿದರೆ, ತಾನೇ ತಳ್ಳುವಂತಿಲ್ಲ. ಕಾರಣಗಳನ್ನು ಬರೆದು ಭಾರತೀಯ ವಕೀಲರ ಪರಿಷತ್ತಿನ ಅಭಿಪ್ರಾಯಕ್ಕೆ ಕಳಿಸಬೇಕು, ಅಲ್ಲಿಂದ ಬಂದ ಅಭಿಪ್ರಾಯದಂತೆ ನಡೆಯಬೇಕು. ಅಂದರೆ ಮೇಲಿನವರ ಪರಿಶೀಲನೆ ನಿರಾಕರಣೆಗೆ ಮುಂಚೆಯೇ ಆಗುತ್ತದೆ, ಅರ್ಜಿದಾರ ಓಡಾಡಬೇಕಿಲ್ಲ. ಶಿಸ್ತುಕ್ರಮದ ವಿಷಯದಲ್ಲಿ ರಾಜ್ಯ ಪರಿಷತ್ತಿನ ತೀರ್ಮಾನದ ಮೇಲೆ 60 ದಿನದೊಳಗೆ ಭಾರತೀಯ ಪರಿಷತ್ತಿಗೂ, ಅದರ ಮೇಲೆ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೂ ಹೋಗಬಹುದು. ನೋಂದಣಿ ಶುಲ್ಕದ ಹೆಸರಿನಲ್ಲಿ ರಾಜ್ಯ ಪರಿಷತ್ತುಗಳು ಸಾವಿರಾರು ರೂಪಾಯಿ ವಸೂಲು ಮಾಡುತ್ತಿದ್ದುದನ್ನು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತಡೆದು, ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ, ಇದಕ್ಕಿಂತ ಹೆಚ್ಚು ಕೇಳಕೂಡದು ಎಂದಿತು. ವೈದ್ಯರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ ರಾಜ್ಯ ಪರಿಷತ್ತು, ಕೇಂದ್ರದ ನೋಂದಣಿ ಮಂಡಳಿ, ಆಯೋಗ ಎಂಬ ಮೂರು ಹಂತಗಳಿವೆ.

ರಾಜ್ಯ ಸರ್ಕಾರದ ಸೇವೆಗಳಿಗೆ ಕರ್ನಾಟಕದ್ದೇ ಒಂದು ಮಾದರಿ ಇದೆ. 2011ರ ಸಕಾಲ ಕಾಯ್ದೆಯ ಕೆಳಗೆ ಅರ್ಜಿ ಕೊಟ್ಟ ಕೂಡಲೇ ಒಂದು ಸಂಖ್ಯೆ ಸಿಗುತ್ತದೆ, ಗಡುವು ಗೊತ್ತಾಗುತ್ತದೆ, ಎರಡು ಹಂತದ ಮೇಲ್ಮನವಿ ಇದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆಯ ಬೆಲೆ ದೊಡ್ಡದು: ಅರ್ಜಿ ಬಂದೇ ಇಲ್ಲ ಎಂದು ಯಾರೂ ಹೇಳಲಾರರು. ಗಾವಡಗೆರೆಯ ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಸಿಗುವ ಈ ಭದ್ರತೆ ಹೊಗೆಸೊಪ್ಪಿನ ಅರ್ಜಿಗೆ ಸಿಗುವುದಿಲ್ಲ, ಏಕೆಂದರೆ ತಂಬಾಕು ಮಂಡಳಿ ಕೇಂದ್ರದ್ದು.

ಕೇಂದ್ರ ಮತ್ತು ರಾಜ್ಯದ ಈ ಗಡಿಯೇ ಹಿಂದೆ ದೊಡ್ಡ ವ್ಯಾಜ್ಯಕ್ಕೆ ಕಾರಣವಾಗಿತ್ತು. ಹೊಗೆಸೊಪ್ಪಿನ ವ್ಯಾಪಾರಕ್ಕೆ ಕರ್ನಾಟಕದ ಎಪಿಎಂಸಿ ಕಾನೂನು ಅನ್ವಯಿಸುವುದಿಲ್ಲ, ಮಂಡಳಿಯ ಕಾಯ್ದೆಯೇ ಸಾಕು ಎಂದು ಐಟಿಸಿ ಕಂಪನಿ ಹೂಡಿದ ಪ್ರಕರಣದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಕಂಪನಿಯ ವಾದವನ್ನು ಎತ್ತಿಹಿಡಿಯಿತು. 2002ರಲ್ಲಿ ಐವರು ನ್ಯಾಯಾಧೀಶರ ಪೀಠ ಮೂರಕ್ಕೆ ಎರಡು ಮತದಿಂದ ಆ ತೀರ್ಪನ್ನು ತಳ್ಳಿಹಾಕಿ, ಸೊಪ್ಪಿನ ಮಾರಾಟದ ಮೇಲೆ ರಾಜ್ಯದ ಮಾರುಕಟ್ಟೆ ಕಾನೂನೂ ನಿಲ್ಲುತ್ತದೆ ಎಂದಿತು. ಈ ಎರಡು ತೀರ್ಪುಗಳ ನಡುವೆ ಹದಿನೇಳು ವರ್ಷ.

ಪಿರಿಯಾಪಟ್ಟಣ ದಾಟಿ ಕುಶಾಲನಗರದ ಸೇತುವೆ ಹಾದರೆ ಕೊಡಗು. ಅಲ್ಲಿಯ ಕಾಫಿ ಬೆಳೆಗಾರರೂ 1942ರ ಕಾಫಿ ಕಾಯ್ದೆಯ ಕೆಳಗೆ ಬೆಳೆಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. 1990ರ ದಶಕದ ಮೊದಲಲ್ಲಿ ಒಂದು ಪಾಲನ್ನು ಸ್ವತಂತ್ರವಾಗಿ ಮಾರಲು ಬಿಟ್ಟು, 1996ರಲ್ಲಿ ಪೂರ್ತಿ ಬಿಡುಗಡೆ ಮಾಡಿದರು. ಅರ್ಧ ಗಂಟೆಯ ದಾರಿಯಲ್ಲಿ ಎರಡು ಮಂಡಳಿ, ಎರಡು ಕಾಲ. ಕಾಫಿಯ ಹಾಗೆ ಹೊಗೆಸೊಪ್ಪನ್ನೂ ಬಿಡುಗಡೆ ಮಾಡಿ ಎನ್ನುವುದು ಸರಿಯಲ್ಲ. ಕೋಟಾ ಮತ್ತು ಹರಾಜು ಕಟ್ಟೆ ಇರುವುದರಿಂದಲೇ ಸಣ್ಣ ಹಿಡುವಳಿಯ ರೈತನಿಗೆ ದೊಡ್ಡ ಕಂಪನಿಯೆದುರು ಬೆಲೆ ಸಿಗುತ್ತಿದೆ. ಆರೋಗ್ಯದ ದೃಷ್ಟಿಯಿಂದಲೂ ಅಂಕೆ ಬೇಕು.

ಅಂಕೆಯನ್ನು ತೆಗೆದ ದೇಶ ಅದನ್ನು ಹೇಗೆ ತೆಗೆಯಿತು ಎಂಬುದು ಇಲ್ಲಿಯವರಿಗೆ ಮುಖ್ಯ. ಅಮೆರಿಕದಲ್ಲಿ 1938ರ ಕೃಷಿ ಕಾಯ್ದೆಯಿಂದ ಹೊಗೆಸೊಪ್ಪಿಗೆ ಕೋಟಾ ಇತ್ತು. ಅದು ಹೊಲದ ಜೊತೆ ಅಂಟಿಕೊಂಡ ಆಸ್ತಿಯಂತಾಗಿ, ಬಾಡಿಗೆಗೂ ಹೋಗುತ್ತಿತ್ತು. 2004ರಲ್ಲಿ ಅದನ್ನು ರದ್ದುಮಾಡಿದಾಗ ಕೋಟಾ ಹೊಂದಿದವರಿಗೂ, ಬಾಡಿಗೆಗೆ ಪಡೆದು ನಿಜವಾಗಿ ಬೆಳೆಯುತ್ತಿದ್ದವರಿಗೂ ಬೇರೆ ಬೇರೆ ದರದಲ್ಲಿ ಹತ್ತು ವರ್ಷ ಹಣ ಕೊಟ್ಟರು. ಆ ಹಣವನ್ನು ಸಿಗರೇಟು ಮತ್ತಿತರ ತಂಬಾಕು ಕಂಪನಿಗಳಿಂದ ವಸೂಲು ಮಾಡಿದರು. ಪರವಾನಗಿ ಒಪ್ಪಿಸಿ ಬೆಳೆ ಬಿಡುವ ರೈತನಿಗೆ ಪರಿಹಾರ ಕೊಡಿ ಎಂಬ ಮಾತು ಹುಣಸೂರು ಸೀಮೆಯಲ್ಲೂ ಹಳೆಯದು. ಬೆಳೆ ಕಡಿಮೆಯಾಗಲಿ ಎಂದು ನಿಜವಾಗಿ ಬಯಸುವವರು ಮೊದಲು ಈ ಕೋರಿಕೆಗೆ ಕಿವಿಗೊಡಬೇಕು. ಆಗ ಅದರಲ್ಲಿ ಹೆಸರಿರುವವನ ಜೊತೆ ಬೆವರು ಹರಿಸಿದವನಿಗೂ ಒಂದು ಕಲಮು ಇರಬೇಕು.



ಅರ್ಜಿದಾರರಿಗೆ

ಪರವಾನಗಿಗೆ, ವಾರಸು ಬದಲಾವಣೆಗೆ ಅಥವಾ ಕೋಟಾದ ತಿದ್ದುಪಡಿಗೆ ಅರ್ಜಿ ಕೊಡುವವರು ಎರಡು ಪ್ರತಿ ಒಯ್ಯಬೇಕು. ಒಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡು ಮನೆಗೆ ತರಬೇಕು. ಕಚೇರಿಯಲ್ಲಿ ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ನೋಂದಾಯಿಸಿ ಕಳಿಸಿದರೂ ಅದು ಅರ್ಜಿಯೇ. ಅಂಚೆ ರಸೀದಿ ಮುಂದೆ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ 10 ರೂಪಾಯಿ ಶುಲ್ಕದೊಡನೆ ‘ನನ್ನ ಇಂಥ ದಿನದ ಅರ್ಜಿಯ ಮೇಲೆ ಆದ ಕ್ರಮದ ಪ್ರತಿ ಕೊಡಿ’ ಎಂದು ಕೇಳಬಹುದು. ಮಂಡಳಿ 30 ದಿನದೊಳಗೆ ಉತ್ತರಿಸಲೇಬೇಕು. ಇಲ್ಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಮೇಲೆ 90 ದಿನದೊಳಗೆ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯದು. ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣ ಸಿಪಿಗ್ರಾಮ್ಸ್‌ನಲ್ಲೂ ದೂರು ಸಲ್ಲಿಸಬಹುದು. 2024ರಿಂದ ಅಲ್ಲಿ ಪರಿಹಾರದ ಗಡುವು 21 ದಿನ.

ನಿರಾಕರಣೆಯ ಆದೇಶವನ್ನು ಬರವಣಿಗೆಯಲ್ಲಿ, ಕಾರಣಸಹಿತ, ತನಗೆ ಓದಲು ಬರುವ ಕನ್ನಡದಲ್ಲಿ ಕೊಡಿ ಎಂದು ಕೇಳಲು ಹಿಂಜರಿಯಬೇಕಿಲ್ಲ. ಪಹಣಿ, ವಂಶವೃಕ್ಷ ಮತ್ತು ಬ್ಯಾಂಕ್ ಖಾತೆಯಲ್ಲಿ ಹೆಸರು ಒಂದೇ ಬಗೆಯಲ್ಲಿರುವಂತೆ ಬೇಸಿಗೆಯಲ್ಲೇ, ಸಸಿಮಡಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ.